ಉರ್ವದ ಹುಡುಗನ ಗುರಿಗೆ ಬೀಗ ಜಡಿದವರು ಯಾರು?

ಓದುಗ ಬಂಧುಗಳೇ, ನಿಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿ ಕುಳಿತ ಮಗನೋ ಮಗಳೋ ಇದ್ದರೆ ಈ ಪುಟವನ್ನು ಮಡಚಿ ಮೂಲೆಗಿಡಬೇಡಿ. ಪೂರ್ತಿ ಓದಿ. ಓದಿದ ಮೇಲೆ ಅವರ ಕೈಗೆ ಕೊಡಿ. ಇದು ನವೆಂಬರ್ ತಿಂಗಳ ಭಾಷಣವಲ್ಲ, ಬಾವುಟದ ಮಾತೂ ಅಲ್ಲ. ಅನ್ನದ ಮಾತು.

ಕೆಲವು ತಿಂಗಳ ಹಿಂದೆ ಉರ್ವಸ್ಟೋರ್ ಕಡೆಯ ಒಂದು ಸಭಾಂಗಣದಲ್ಲಿ ಉದ್ಯೋಗ ಮಾರ್ಗದರ್ಶನ ಶಿಬಿರ ಎಂದು ಬೋರ್ಡು ಹಾಕಿದ್ದರು. ಬೋರ್ಡು ಕನ್ನಡದಲ್ಲಿತ್ತು, ನಂಬಿ ಒಳಗೆ ಹೋದೆ. ಒಳಗೆ ಕನ್ನಡ ಇರಲಿಲ್ಲ. ಬೆಂಗಳೂರಿನಿಂದ ಬಂದಿದ್ದ ಟೈ ಕಟ್ಟಿದ ಮಹಾಶಯರು ಒಂದೂವರೆ ಗಂಟೆ ಇಂಗ್ಲಿಷಿನಲ್ಲಿ ಮಳೆ ಸುರಿಸಿದರು. ಇನ್ನೈದು ವರ್ಷಕ್ಕೆ ನೀವು ಎಲ್ಲಿರುತ್ತೀರಿ? ನಿಮ್ಮ ಅಲ್ಪಾವಧಿ ಗುರಿ ಯಾವುದು? ದೀರ್ಘಾವಧಿ ಗುರಿ ಯಾವುದು? ಗುರಿ ಇಲ್ಲದವನು ಚುಕ್ಕಾಣಿ ಇಲ್ಲದ ದೋಣಿ, ಇತ್ಯಾದಿ ಇತ್ಯಾದಿ. ಸುಲ್ತಾನ್ ಬತ್ತೇರಿಯ ಕಡವಿನಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ದೋಣಿಯ ಪಾಠ! ಆಮೇಲೆ ಎಲ್ಲರಿಗೂ ಒಂದೊಂದು ಹಾಳೆ ಹಂಚಿದರು. ಎಡಗಡೆ ಅಲ್ಪಾವಧಿಯ ಕಾಲಂ, ಬಲಗಡೆ ದೀರ್ಘಾವಧಿಯ ಕಾಲಂ.

ನನ್ನ ಪಕ್ಕದಲ್ಲಿ ಬೋಳೂರು ಕಡೆಯ ಒಬ್ಬ ಹುಡುಗ ಕುಳಿತಿದ್ದ. ಅಪ್ಪ ಬೋಟಿನಲ್ಲಿ ದುಡಿದವರು. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ, ಆಮೇಲೆ ಬಿ.ಕಾಂ. ವಯಸ್ಸು 27. ಒಂದು ಬಟ್ಟೆ ಅಂಗಡಿಯಲ್ಲಿ ಬಿಲ್ಲು ಬರೆಯುತ್ತಾನೆ. ಅವನು ಪೆನ್ನು ಕಚ್ಚಿ ಕಚ್ಚಿ ಕೊನೆಗೆ ಎಡಗಡೆ ‘ಕೆಲಸ’ ಎಂದು ಬರೆದ. ಬಲಗಡೆ ‘ಒಳ್ಳೆಯ ಕೆಲಸ’ ಎಂದು ಬರೆದ.

ನನಗೆ ನಗು ಬಂತು. ತಪ್ಪು ನನ್ನದೇ. ‘ಎಂಥ ಕೆಲಸ ಮಾರಾಯ?’ ಎಂದು ಕೇಳಿದೆ. ಅವನು ನನ್ನ ಮುಖ ನೋಡಿ, ‘ಯಾವುದೆಲ್ಲ ಉಂಟು ಸರ್?’ ಎಂದ.

ಆ ಪ್ರಶ್ನೆ ಕೇಳಿದ ಮೇಲೆ ನಗು ನಿಂತಿತು. ಹದಿನೈದು ವರ್ಷ ಓದಿಸಿದ ಈ ನಾಡು ಆ ಹುಡುಗನಿಗೆ ಯಾವುದೆಲ್ಲ ಉಂಟು ಎಂದು ಅವನ ಭಾಷೆಯಲ್ಲಿ ಒಮ್ಮೆಯೂ ಹೇಳಿಲ್ಲ! ಹೇಳದೆ ಇದ್ದವರು ಈಗ ಹಾಳೆ ಕೊಟ್ಟು ಗುರಿ ಬರೆ ಎನ್ನುತ್ತಾರೆ. ಊಟದ ಮನೆಗೆ ಬೀಗ ಹಾಕಿ, ಹೊರಗೆ ನಿಂತವನಿಗೆ ಏನು ಬಡಿಸಲಿ ಎಂದು ಕೇಳಿದ ಹಾಗೆ.

ಈ ಊರಿನ ಹುಡುಗರಿಗೆ ಗುರಿ ಇಟ್ಟುಕೊಳ್ಳಲು ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ಅವರಿಗೆ ಇಲ್ಲಿನ ಚರಿತ್ರೆ ಗೊತ್ತಿಲ್ಲ ಎಂದೇ ಅರ್ಥ. ಐದು ಬ್ಯಾಂಕು ಹೆತ್ತ ಜಿಲ್ಲೆ ಇದು. ಅಮ್ಮೆಂಬಳ ಸುಬ್ಬರಾವ್ ಪೈಗಳು 1906ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ನಿಧಿ ಇಂದಿನ ಕೆನರಾ ಬ್ಯಾಂಕ್. ಅದಕ್ಕೆ ಮೊದಲೇ, 1891ರಲ್ಲಿ, ಅವರು ಕೆನರಾ ಹೈಸ್ಕೂಲು ಕಟ್ಟಿದ್ದರು. ಮೊದಲು ಶಾಲೆ, ಆಮೇಲೆ ಬ್ಯಾಂಕು. ಇದಕ್ಕಿಂತ ದೊಡ್ಡ ದೀರ್ಘಾವಧಿ ಗುರಿಯ ಪಾಠ ಯಾವ ಟೈ ಕಟ್ಟಿದವರು ಹೇಳಿಯಾರು? ಅದೇ 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಷನ್ ಬ್ಯಾಂಕಿಗೆ ಬುನಾದಿ ಹಾಕಿದರು. 1924ರಲ್ಲಿ ಮಂಗಳೂರಿನಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಉಡುಪಿಯಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆ, 1931ರಲ್ಲಿ ಅತ್ತಾವರ ಬಾಲಕೃಷ್ಣ ಶೆಟ್ಟರ ವಿಜಯಾ ಬ್ಯಾಂಕ್. ಸಿಂಡಿಕೇಟಿನವರು 1928ರಲ್ಲಿ ಪಿಗ್ಮಿ ಠೇವಣಿ ತಂದರು. ದಿನಕ್ಕೆ ಎರಡಾಣೆ. ಸಂಗ್ರಹಿಸುವವನು ಮನೆಬಾಗಿಲಿಗೆ ಬರುತ್ತಿದ್ದ, ಮನೆಯವರ ಮಾತಿನಲ್ಲೇ ಮಾತಾಡುತ್ತಿದ್ದ. ಮೀನು ಮಾರುವ ಹೆಂಗಸಿಗೂ ಬೀಡಿ ಕಟ್ಟುವವಳಿಗೂ ಮಗಳ ಮದುವೆ ಎಂಬ ದೂರದ ಗುರಿಯನ್ನು ಇವತ್ತಿನ ಎರಡಾಣೆಯಲ್ಲಿ ಹಿಡಿದುಕೊಟ್ಟ ಯೋಜನೆ ಅದು.

ಅಂದಿನ ಮನೆಗಳಲ್ಲಿ ಹುಡುಗನ ದಾರಿ ಎಲ್ಲರಿಗೂ ಕಣ್ಣಿಗೆ ಕಾಣುತ್ತಿತ್ತು. ಎಸ್ಸೆಸ್ಸೆಲ್ಸಿ ಪಾಸು, ಸಂಜೆ ಟೈಪಿಂಗ್ ಕ್ಲಾಸು, ಲೋವರ್, ಹೈಯರ್, ಬಳಿಕ ಬ್ಯಾಂಕಿನಲ್ಲಿ ಗುಮಾಸ್ತೆ, ಬ್ಯಾಂಕರುಗಳ ಪರೀಕ್ಷೆ ಕಟ್ಟಿ ಆಫೀಸರು, ನಿವೃತ್ತಿಗೆ ಮೊದಲು ಒಂದು ತಾರಸಿ ಮನೆ. ಯಾರೂ ಅದನ್ನು ಅಲ್ಪಾವಧಿ, ದೀರ್ಘಾವಧಿ ಎಂದು ಕರೆಯಲಿಲ್ಲ. ಪಕ್ಕದ ಮನೆಯ ಅಣ್ಣ ಹೋದ ದಾರಿ ಎಂದರು, ಅಷ್ಟೇ. ಊರಲ್ಲಿ ಅದೂ ಆಗದವನು ಮುಂಬಯಿ ಬಸ್ಸು ಹತ್ತಿದ. ಹಗಲು ಹೋಟೆಲಿನಲ್ಲಿ ಗ್ಲಾಸು ತೊಳೆದ, ರಾತ್ರಿ ಕನ್ನಡ ರಾತ್ರಿ ಶಾಲೆಯಲ್ಲಿ ಕುಳಿತು ಮೆಟ್ರಿಕ್ ಕಟ್ಟಿದ. ಅಲ್ಲಿಂದ ಗುಮಾಸ್ತೆಯಾದವರು, ವಕೀಲರಾದವರು, ಹೋಟೆಲಿಗೇ ಧಣಿಯಾದವರು ಎಷ್ಟು ಮಂದಿ ಎಂದು ನಿಮ್ಮ ಓಣಿಯ ಹಿರಿಯರನ್ನೇ ಕೇಳಿ. ಮುಂಬಯಿಯಂಥ ಮುಂಬಯಿಯಲ್ಲಿ, ಮರಾಠಿ ಗುಜರಾತಿಗಳ ನಡುವೆ, ಏಣಿಯ ಮೊದಲ ಮೆಟ್ಟಿಲು ಕನ್ನಡದಲ್ಲಿತ್ತು. ಇಂದು ಉರ್ವದಲ್ಲಿ ಆ ಮೆಟ್ಟಿಲು ಎಲ್ಲಿ ಹೋಯಿತು?

1969ರಲ್ಲಿ ಕೆನರಾ, ಸಿಂಡಿಕೇಟ್ ಬ್ಯಾಂಕುಗಳೂ 1980ರಲ್ಲಿ ವಿಜಯಾ, ಕಾರ್ಪೊರೇಷನ್ ಬ್ಯಾಂಕುಗಳೂ ರಾಷ್ಟ್ರೀಕರಣಗೊಂಡವು. ಬ್ಯಾಂಕು ದೇಶದ್ದಾಯಿತು, ಒಳ್ಳೆಯದೇ. ಆದರೂ ನೇಮಕಾತಿ ಮಂಡಳಿ ಬೆಂಗಳೂರಿನಲ್ಲಿತ್ತು, ಇಲ್ಲಿನ ಹುಡುಗನಿಗೆ ಅದರ ದಾರಿ ಗೊತ್ತಿತ್ತು. 2001ರ ಹೊತ್ತಿಗೆ ಆ ಮಂಡಳಿಗಳೇ ಹೋದವು. 2011ರಿಂದ ಐಬಿಪಿಎಸ್ ಎಂಬ ಒಂದೇ ಬಾಗಿಲು ಬಂತು, ಅದೂ ಮುಂಬಯಿಯಲ್ಲಿ. 2019ರ ಏಪ್ರಿಲ್ 1ಕ್ಕೆ ವಿಜಯಾ ಬ್ಯಾಂಕ್ ಬರೋಡಾ ಬ್ಯಾಂಕಿನಲ್ಲಿ ಕರಗಿತು. 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಬ್ಯಾಂಕು ಕೆನರಾದಲ್ಲೂ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲೂ ಕರಗಿದವು. ಪಾಂಡೇಶ್ವರದಲ್ಲಿ ಒಂದು ರಾಷ್ಟ್ರೀಕೃತ ಬ್ಯಾಂಕಿನ ಪ್ರಧಾನ ಕಚೇರಿ ಇತ್ತು ಎಂದು ಮುಂದಿನ ಪೀಳಿಗೆಗೆ ಹೇಳಿಕೊಡಬೇಕು. ಐದರಲ್ಲಿ ಪ್ರಧಾನ ಕಚೇರಿಯನ್ನು ಮಂಗಳೂರಿನಲ್ಲೇ ಉಳಿಸಿಕೊಂಡಿರುವುದು ಕರ್ಣಾಟಕ ಬ್ಯಾಂಕ್ ಒಂದೇ. ಹೆರಿಗೆಯಾದದ್ದು ನಮ್ಮ ಮನೆಯಲ್ಲಿ, ತೊಟ್ಟಿಲು ಪರರ ಮನೆಯಲ್ಲಿ. ಆಗ ನಮ್ಮ ಸಂಸದರು ಏನು ಮಾಡುತ್ತಿದ್ದರು ಎಂದು ಕೇಳಬೇಡಿ. ಹೇಳಿಕೆ ಕೊಡುತ್ತಿದ್ದರು.

ಇನ್ನು ಆ ಒಂದೇ ಬಾಗಿಲಿನ ಕಥೆ. ಹತ್ತು ವರ್ಷ ಗುಮಾಸ್ತೆ ಹುದ್ದೆಯ ಪರೀಕ್ಷೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಬಿಹಾರದ ಹುಡುಗ ತನ್ನ ಶಾಲೆಯ ಭಾಷೆಯಲ್ಲಿ ಲೆಕ್ಕ ಬಿಡಿಸಬಹುದು, ಉರ್ವದ ಹುಡುಗ ಬಿಡಿಸುವಂತಿಲ್ಲ. ಇದು ಸ್ಪರ್ಧೆಯೋ, ಒಬ್ಬನ ಕಾಲಿಗೆ ಕಲ್ಲು ಕಟ್ಟಿ ಓಡಿಸುವ ಆಟವೋ? 2021ರ ಜುಲೈಯಲ್ಲಿ ಮತ್ತೆ ಅದೇ ಎರಡು ಭಾಷೆಯ ಪ್ರಕಟಣೆ ಬಂದಾಗ ಕರ್ನಾಟಕದಲ್ಲಿ ಕೂಗೆದ್ದಿತು. ಪ್ರಕ್ರಿಯೆಗೆ ತಡೆ ಬಿತ್ತು. ಸೆಪ್ಟೆಂಬರ್ 30ರಂದು ಹಣಕಾಸು ಸಚಿವಾಲಯ 12 ಸಾರ್ವಜನಿಕ ಬ್ಯಾಂಕುಗಳ ಗುಮಾಸ್ತೆ ನೇಮಕದ ಪೂರ್ವಭಾವಿ, ಮುಖ್ಯ ಎರಡೂ ಪರೀಕ್ಷೆಗಳನ್ನು ಇಂಗ್ಲಿಷ್ ಹಿಂದಿಯ ಜತೆಗೆ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸಲು ಹೇಳಿತು. ಕನ್ನಡ ಅದರಲ್ಲಿದೆ. ಯಾರೂ ತಟ್ಟೆಯಲ್ಲಿಟ್ಟು ಕೊಟ್ಟದ್ದಲ್ಲ, ಕೂಗಿ ಪಡೆದದ್ದು.

ಪಡೆದದ್ದು ಸರಿ, ಉಣ್ಣುವವರು ಯಾರು? ಪೂರ್ವಭಾವಿ ಪರೀಕ್ಷೆಯ 100 ಪ್ರಶ್ನೆಗಳಲ್ಲಿ 30 ಇಂಗ್ಲಿಷ್ ಭಾಷೆಯದು, 35 ಲೆಕ್ಕ, 35 ತರ್ಕ. ಎಂದರೆ 70 ಪ್ರಶ್ನೆಗಳನ್ನು ಕನ್ನಡದಲ್ಲಿ ಓದಿ ಉತ್ತರಿಸಬಹುದು. ಅರ್ಜಿ ತುಂಬುವಾಗಲೇ ಪರೀಕ್ಷೆಯ ಭಾಷೆ ಕನ್ನಡ ಎಂದು ಆರಿಸಬೇಕು. ಈ ಒಂದು ಸಂಗತಿ ಆ ಬೋಳೂರಿನ ಹುಡುಗನಿಗೆ ಗೊತ್ತಿರಲಿಲ್ಲ! ಬಿ.ಕಾಂ. ಪಾಸಾಗಿ ಆರು ವರ್ಷ ಕಳೆದಿತ್ತು. ಬ್ಯಾಂಕ್ ಪರೀಕ್ಷೆ ಎಂದರೆ ಇಂಗ್ಲಿಷಿನವರಿಗೆ ಎಂದು ಯಾರೋ ಹೇಳಿದ್ದನ್ನು ನಂಬಿ ಬಟ್ಟೆ ಅಂಗಡಿಗೆ ಸೇರಿಕೊಂಡ.

ಬ್ಯಾಂಕ್ ಬೇಡ, ರೈಲು ಎನ್ನುತ್ತೀರಾ? ಮಂಗಳೂರು ಸೆಂಟ್ರಲ್ ನಿಲ್ದಾಣ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗದ ಕೈಯಲ್ಲಿದೆ. ದಕ್ಷಿಣ ರೈಲ್ವೆಯ ನೇಮಕ ಚೆನ್ನೈ, ತಿರುವನಂತಪುರ ಮಂಡಳಿಗಳದು. ಬೆಂಗಳೂರು ಮಂಡಳಿಗೆ ಅರ್ಜಿ ಹಾಕಿದವನು ನೈಋತ್ಯ ರೈಲ್ವೆಗೆ ಹೋಗುತ್ತಾನೆ. ತನ್ನ ಊರಿನ ನಿಲ್ದಾಣದಲ್ಲಿ ಕೆಲಸ ಮಾಡಬೇಕೆಂಬ ಹುಡುಗ ತಮಿಳುನಾಡಿಗೋ ಕೇರಳಕ್ಕೋ ಅರ್ಜಿ ಹಾಕಬೇಕು. ಮಂಗಳೂರನ್ನು ಪಾಲಕ್ಕಾಡಿನಿಂದ ಬಿಡಿಸಿ ಎಂದು ದಶಕಗಳಿಂದ ಮನವಿ ಕೊಡುತ್ತಾ ಬಂದಿದ್ದೇವೆ. ಮನವಿಯ ಕಾಗದ ಪೇರಿಸಿದ್ದರೆ ಹಳಿಯ ಪಕ್ಕ ಒಂದು ಗುಡ್ಡವಾಗುತ್ತಿತ್ತು.

ಕೇಂದ್ರವನ್ನು ಬೈದು ಚಪ್ಪಾಳೆ ಗಿಟ್ಟಿಸುವುದು ಸುಲಭ. ನಮ್ಮದೇ ಮನೆಯ ಕಥೆ ನೋಡಿ. ಕೆಎಎಸ್ ಎಂದರೆ ಕನ್ನಡದ ಹಳ್ಳಿಯ ಹುಡುಗನ ದೀರ್ಘಾವಧಿ ಕನಸು. ಐದಾರು ವರ್ಷ ವಿಜಯನಗರದ, ಧಾರವಾಡದ ಕೊಠಡಿಗಳಲ್ಲಿ ಅಕ್ಕಿ ಬೇಯಿಸಿಕೊಂಡು ಓದುತ್ತಾರೆ. 384 ಹುದ್ದೆಗಳಿಗೆ 2024ರ ಆಗಸ್ಟ್ 27ರಂದು ಕರ್ನಾಟಕ ಲೋಕಸೇವಾ ಆಯೋಗ ಪೂರ್ವಭಾವಿ ಪರೀಕ್ಷೆ ನಡೆಸಿತು. ಕನ್ನಡ ಪ್ರಶ್ನೆಗಳ ತುಂಬ ಅನುವಾದದ ತಪ್ಪುಗಳು. ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ, ಕನ್ನಡದಲ್ಲಿ ಇನ್ನೊಂದು. ಕನ್ನಡ ನಂಬಿ ಬರೆದವನು ಕೆಟ್ಟ! ಗಲಾಟೆಯಾಗಿ ಮರುಪರೀಕ್ಷೆಗೆ ಸರ್ಕಾರ ಆದೇಶಿಸಿತು. ಡಿಸೆಂಬರ್ 29ರಂದು ಮರುಪರೀಕ್ಷೆ ನಡೆಯಿತು, ಮತ್ತೆ ತಪ್ಪುಗಳು! ಒಮ್ಮೆ ಎಡವಿದವನನ್ನು ಕ್ಷಮಿಸಬಹುದು. ನಾಲ್ಕು ತಿಂಗಳು ಸಮಯ ಪಡೆದು ಅದೇ ಕಲ್ಲಿಗೆ ಎಡವಿದವನನ್ನು ಏನನ್ನಬೇಕು? ಕನ್ನಡ ನಾಡಿನ ಆಯೋಗ, ಕನ್ನಡ ನಾಡಿನ ಹುದ್ದೆ, ಪ್ರಶ್ನೆ ಮೊದಲು ಇಂಗ್ಲಿಷಿನಲ್ಲಿ ಹುಟ್ಟಿ ಆಮೇಲೆ ಕನ್ನಡಕ್ಕೆ ಇಳಿಯುತ್ತದೆ. ಮೊದಲು ಕನ್ನಡದಲ್ಲಿ ಪ್ರಶ್ನೆ ಬರೆಯಬಲ್ಲ ಪ್ರಾಧ್ಯಾಪಕರು ಈ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಇಲ್ಲವೇ? ಇಲ್ಲವೆಂದಾದರೆ ಆ ವಿಶ್ವವಿದ್ಯಾಲಯಗಳು ಯಾಕೆ?

ವರದಿಗಳಿಗೆ ಬರವಿಲ್ಲ. ಸರೋಜಿನಿ ಮಹಿಷಿ ಸಮಿತಿ 1984ರಲ್ಲಿ ಮಧ್ಯಂತರ ವರದಿ, 1986ರಲ್ಲಿ ಅಂತಿಮ ವರದಿ ಕೊಟ್ಟಿತು, 58 ಶಿಫಾರಸು. ಆ ವರದಿಗೆ ನಲವತ್ತು ವರ್ಷವಾಯಿತು. ವರದಿ ಹುಟ್ಟಿದಾಗ ಹುಟ್ಟಿದ ಮಗುವಿಗೆ ಕೇಂದ್ರದ ಹುದ್ದೆಗೆ ವಯಸ್ಸು ಮೀರಿತು. 2024ರ ಜುಲೈಯಲ್ಲಿ ಖಾಸಗಿ ಉದ್ದಿಮೆಗಳಲ್ಲಿ ಆಡಳಿತ ಹುದ್ದೆಗೆ ಶೇ. 50, ಇತರ ಹುದ್ದೆಗೆ ಶೇ. 70 ಸ್ಥಳೀಯರು ಎಂಬ ಮಸೂದೆಗೆ ಸಂಪುಟ ಒಪ್ಪಿತು. ಉದ್ಯಮಿಗಳು ಗುಡುಗಿದರು. ಎರಡು ದಿನದೊಳಗೆ ಮಸೂದೆ ಕಪಾಟಿಗೆ. ಶೇಕಡಾ ಲೆಕ್ಕ ಹೆಚ್ಚೋ ಕಡಿಮೆಯೋ ಚರ್ಚಿಸಬಹುದಿತ್ತು. ಚರ್ಚಿಸುವ ಎದೆಯೂ ಇರಲಿಲ್ಲ.

ಹೊರಗಿನಿಂದ ದುಡಿಯಲು ಬಂದವನ ಮೇಲೆ ನಮಗೆ ಸಿಟ್ಟಿಲ್ಲ. ನಮ್ಮವರೂ ಮುಂಬಯಿಗೆ, ಕೊಲ್ಲಿಗೆ ಹೋಗಿ ಉಂಡವರೇ. ನಮ್ಮ ಜಗಳ ಪರೀಕ್ಷೆಯ ಭಾಷೆಯನ್ನೂ ಹುದ್ದೆಯ ನಿಯಮವನ್ನೂ ಬರೆಯುವವನ ಜತೆಗೆ. ಗುಮಾಸ್ತೆ ಹುದ್ದೆಗೆ ರಾಜ್ಯದ ಭಾಷೆ ಗೊತ್ತಿರಬೇಕೆಂಬ ನಿಯಮವಿದೆ. ಸಾರ್ವಜನಿಕ ಬ್ಯಾಂಕುಗಳ ಪ್ರೊಬೇಷನರಿ ಅಧಿಕಾರಿಗೆ ಆ ನಿಯಮವಿಲ್ಲ. ಹಾಗಾಗಿ ಸಾಲ ಕೊಡುವವನು, ಕೊಡದವನು ಇಬ್ಬರೂ ನಮ್ಮ ಮಾತು ತಿಳಿಯದವರೇ ಆಗಬಹುದು. 2025ರ ಮೇ ತಿಂಗಳಲ್ಲಿ ಚಂದಾಪುರದ ಬ್ಯಾಂಕ್ ಶಾಖೆಯಲ್ಲಿ ಕನ್ನಡ ಮಾತಾಡಲು ಒಲ್ಲೆ ಎಂದ ವ್ಯವಸ್ಥಾಪಕರ ಪ್ರಕರಣ ನಾಡೆಲ್ಲ ನೋಡಿತು. ಅವರ ವರ್ಗಾವಣೆಯಾಯಿತು. ನಿಯಮ ವರ್ಗಾವಣೆಯಾಯಿತೇ? ಇಲ್ಲೇ ಉರ್ವದ ಆಸುಪಾಸಿನ ಒಂದು ಶಾಖೆಯಲ್ಲಿ ಮಾರ್ಕೆಟಿನ ಮೀನಿನ ಹೆಂಗಸೊಬ್ಬರು ಹಣ ತೆಗೆಯುವ ಚೀಟಿ ಹಿಡಿದು ಗಾಜಿನ ಆಚೆಯವನಿಗೆ ಕೈಸನ್ನೆಯಲ್ಲಿ ತನ್ನ ಅಳಿಯ ಆಸ್ಪತ್ರೆಯಲ್ಲಿದ್ದಾನೆ ಎಂದು ವಿವರಿಸುವುದನ್ನು ಕಂಡಿದ್ದೇನೆ. ಆ ಕುರ್ಚಿಯಲ್ಲಿ ಬೋಳೂರಿನ ಹುಡುಗ ಕುಳಿತಿದ್ದರೆ ಒಂದು ಮನೆಗೆ ಸಂಬಳ, ಇನ್ನೊಂದು ಮನೆಗೆ ನೆಮ್ಮದಿ.

‘ನಮ್ಮ ಮನೆಮಾತು ತುಳು, ಕನ್ನಡದ ಹೋರಾಟ ನಮಗೆ ಯಾಕೆ ಮಾರಾಯ್ರೇ?’ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ತುಳು ಎಂಟನೇ ಪರಿಚ್ಛೇದದಲ್ಲಿ ಇಲ್ಲ, ಪರೀಕ್ಷೆಯಲ್ಲೂ ಇಲ್ಲ. ಅದಕ್ಕೆ ಆ ಸ್ಥಾನ ಸಿಗಲೇಬೇಕು. ಸಿಗುವವರೆಗೆ ತುಳುವರ, ಬ್ಯಾರಿಗಳ ಮಗ ತನ್ನ ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ಲೆಕ್ಕ ಬಿಡಿಸುವ ಹಕ್ಕನ್ನು ಬಿಟ್ಟುಕೊಡಬೇಕೇ?

ಈಗ ನಮ್ಮ ಕಡೆಗೂ ಬೆರಳು ತಿರುಗಿಸೋಣ. ಇಂಗ್ಲಿಷ್ ಬೋರ್ಡಿಗೆ ಮಸಿ ಬಳಿಯುವಾಗ ನೂರು ಜನ ಸೇರುತ್ತೇವೆ. ಬ್ಯಾಂಕ್ ಪರೀಕ್ಷೆಯ ಪ್ರಕಟಣೆಯನ್ನು ಕನ್ನಡದಲ್ಲಿ ಬರೆದು ಉರ್ವ ಮಾರ್ಕೆಟಿನ ಗೋಡೆಗೆ ಅಂಟಿಸಲು ಎಷ್ಟು ಜನ ಬಂದಿದ್ದೇವೆ? 2021ರಲ್ಲಿ ಗೆದ್ದೆವು ಎಂದು ಪಟಾಕಿ ಹೊಡೆದವರಲ್ಲಿ ಒಬ್ಬನಾದರೂ ಕನ್ನಡದಲ್ಲಿ ತರ್ಕದ ಪ್ರಶ್ನೆಗಳ ಪುಸ್ತಕ ತಂದನೇ? ಆ ವರ್ಷವೇ ಕನ್ನಡದಲ್ಲಿ ಇಂಜಿನಿಯರಿಂಗ್ ಕಲಿಯಬಹುದು ಎಂದೂ ಬಂತು, ಸೀಟು ಕೇಳಿದವರು ಬಹಳ ಕಡಿಮೆ. ಕೇಳಲಿಲ್ಲ ಎಂದು ಮಕ್ಕಳನ್ನು ಬೈಯಬೇಡಿ. ಆ ಪದವಿಯ ಆಚೆ ಕೆಲಸದ ಬಾಗಿಲು ಕನ್ನಡದಲ್ಲಿ ತೆರೆದಿದೆಯೇ ಎಂದು ಅವರು ನೋಡಿದರು, ತೆರೆದಿರಲಿಲ್ಲ. ಹೆತ್ತವರು ಸಾಲ ಮಾಡಿ ಇಂಗ್ಲಿಷ್ ಮಾಧ್ಯಮಕ್ಕೆ ಓಡುವುದು ಕನ್ನಡದ ಮೇಲಿನ ದ್ವೇಷದಿಂದಲ್ಲ, ಇದೇ ಲೆಕ್ಕದಿಂದ.

ಆದ್ದರಿಂದ ಆ ಎರಡು ಕಾಲಂಗಳ ಹಾಳೆಯನ್ನು ನಾವೇ ತುಂಬೋಣ, ನಮ್ಮ ಭಾಷೆಯಲ್ಲಿ. ಓದುಗರೇ, ನಿಮ್ಮ ಮಗನಿಗೆ ಹೇಳಿ: ಈ ವರ್ಷದ ಗುರಿ ‘ಕೆಲಸ’ ಅಲ್ಲ. ಈ ವರ್ಷದ ಗುರಿ ಕಾಗದಪತ್ರ ಮತ್ತು ಒಂದು ಪರೀಕ್ಷೆ. ಬ್ಯಾಂಕ್ ಗುಮಾಸ್ತೆ ಹುದ್ದೆಗೆ ವಯಸ್ಸು 20ರಿಂದ 28, ಹಿಂದುಳಿದ ವರ್ಗಕ್ಕೆ 3 ವರ್ಷ, ಪರಿಶಿಷ್ಟರಿಗೆ 5 ವರ್ಷ ಸಡಿಲಿಕೆ. ಆದರೆ ರಾಜ್ಯದ ಜಾತಿ-ಆದಾಯ ಪತ್ರ ಕೇಂದ್ರದ ಪರೀಕ್ಷೆಗೆ ನಡೆಯುವುದಿಲ್ಲ, ಕೇಂದ್ರದ ನಮೂನೆಯ ಹಿಂದುಳಿದ ವರ್ಗದ ಪ್ರಮಾಣಪತ್ರ ಬೇರೆಯೇ ಪಡೆಯಬೇಕು. ಇದು ಗೊತ್ತಿಲ್ಲದೆ ಪಾಸಾದ ಮೇಲೆ ಕೆಲಸ ಕಳಕೊಂಡವರಿದ್ದಾರೆ. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ರಾಜ್ಯ ಸರ್ಕಾರದ ನೇರ ನೇಮಕದಲ್ಲಿ ಶೇ. 5 ಮೀಸಲು ಇದೆ. ಅದರ ಪ್ರಮಾಣಪತ್ರವನ್ನು ಅರ್ಜಿಯ ಕೊನೆಯ ದಿನಕ್ಕೆ ಮೊದಲೇ ಓದಿದ ಶಾಲೆಯಿಂದ ತಂದಿಟ್ಟುಕೊಳ್ಳಬೇಕು. ಶಾಲೆಯೇ ಮುಚ್ಚಿ ಹೋಗುವ ಮೊದಲು ತರಬೇಕು ಎಂದು ಕಹಿಯಾಗಿಯೇ ಹೇಳುತ್ತೇನೆ. ಹತ್ತನೇ ತರಗತಿ ಮಾತ್ರ ಪಾಸಾದವಳಿಗೆ ಗ್ರಾಮೀಣ ಡಾಕ್ ಸೇವಕ ಹುದ್ದೆ ಇದೆ, ಪರೀಕ್ಷೆ ಇಲ್ಲ, ಹತ್ತನೇ ತರಗತಿಯ ಅಂಕವೇ ಆಧಾರ, ಸ್ಥಳೀಯ ಭಾಷೆ ಓದಿರಲೇಬೇಕು. ಅಲ್ಲಿ ಕನ್ನಡ ಹೊರೆಯಲ್ಲ, ಅರ್ಹತೆ.

ಇಂಗ್ಲಿಷ್ ಬೇಡ ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳಿ ಪರರ ಮಕ್ಕಳನ್ನು ಕೆಡಿಸಿ ತಮ್ಮ ಮಕ್ಕಳನ್ನು ಕಾನ್ವೆಂಟಿಗೆ ಕಳಿಸಿದ ಮುಖಂಡರನ್ನು ಬೇಕಾದಷ್ಟು ಕಂಡಿದ್ದೇವೆ. ಆ 30 ಪ್ರಶ್ನೆಗಳಿಗೆ ದಿನಕ್ಕೆ ಒಂದು ಗಂಟೆ ಇಂಗ್ಲಿಷ್ ಓದಲಿ, ಪಿಗ್ಮಿ ಕಟ್ಟಿದ ಹಾಗೆ. ಉಳಿದ 70ನ್ನು ತಲೆ ಯೋಚಿಸುವ ಭಾಷೆಯಲ್ಲಿ ಬಿಡಿಸಲಿ. ಬಲಗಡೆಯ ಕಾಲಂನಲ್ಲಿ ಗುಮಾಸ್ತೆ ಎಂದು ನಿಲ್ಲಿಸಬೇಡಿ. ಒಳಗೆ ಹೋದವನಿಗೆ ಬ್ಯಾಂಕರುಗಳ ಪರೀಕ್ಷೆ ಇದೆ, ಬಡ್ತಿ ಇದೆ. ಬರೋಡಾ ಬ್ಯಾಂಕ್ 2025ರಲ್ಲಿ ಸ್ಥಳೀಯ ಬ್ಯಾಂಕ್ ಅಧಿಕಾರಿಗಳನ್ನು ಕರೆದಾಗ ರಾಜ್ಯದ ಭಾಷೆ ಕಡ್ಡಾಯ ಮಾಡಿತು. ಒಂದು ಬ್ಯಾಂಕಿಗೆ ಸಾಧ್ಯವಾದದ್ದು ಉಳಿದವಕ್ಕೆ ಯಾಕೆ ಸಾಧ್ಯವಿಲ್ಲ? ಎಲ್ಲ ಅಧಿಕಾರಿ ಹುದ್ದೆಗೂ ಈ ನಿಯಮ ಬರಲಿ. ಆಯೋಗ ಪ್ರಶ್ನೆಗಳನ್ನು ಮೊದಲು ಕನ್ನಡದಲ್ಲಿ ಬರೆಸಲಿ, ತಕರಾರು ಬಂದರೆ ಕನ್ನಡ ಪಾಠವೇ ಅಂತಿಮ ಎನ್ನಲಿ. ಪ್ರತಿ ಕಾಲೇಜಿನ ಸೂಚನಾ ಫಲಕದಲ್ಲಿ ಮುಂದಿನ ಆರು ತಿಂಗಳ ಪರೀಕ್ಷೆಗಳ ಪಟ್ಟಿ ಕನ್ನಡದಲ್ಲಿರಲಿ. ಇದಕ್ಕೆ ಕೋಟಿ ರೂಪಾಯಿ ಬೇಡ. ಒಂದು ಹಾಳೆ, ನಾಲ್ಕು ಗುಂಡುಸೂಜಿ ಸಾಕು.

ನಮ್ಮ ಬಳಗದವರು ಉರ್ವದಲ್ಲಿ ಭಾನುವಾರ ಬೆಳಿಗ್ಗೆ ಕುಳಿತು ಅರ್ಜಿ ತುಂಬಿಸುವ ಕೆಲಸ ಶುರು ಮಾಡಿದ್ದಾರೆ. ಮೊದಲ ವಾರ ಬಂದವರು ಆರು ಮಂದಿ. ಅದರಲ್ಲಿ ಬೋಳೂರಿನ ಹುಡುಗನೂ ಇದ್ದ. 28ಕ್ಕೆ ಎಲ್ಲ ಮುಗಿಯಿತು ಎಂದುಕೊಂಡಿದ್ದವನಿಗೆ ತಾನು 31ರವರೆಗೆ ಬರೆಯಬಹುದು ಎಂದು ಅಲ್ಲೇ ತಿಳಿದದ್ದು. ಮೊನ್ನೆ ಮಧ್ಯಾಹ್ನ ಫೋನ್ ಮಾಡಿದ. ಕೇಂದ್ರದ ನಮೂನೆಯ ಪ್ರಮಾಣಪತ್ರಕ್ಕಾಗಿ ಅಂಗಡಿಗೆ ಅರ್ಧ ದಿನ ರಜೆ ಹಾಕಿ ಸಾಲಿನಲ್ಲಿ ನಿಂತಿದ್ದೇನೆ, ಇನ್ನೂ ಯಾವ ಯಾವ ದಾಖಲೆ ಬೇಕು ಸರ್ ಎಂದು ಕೇಳಿದ. ಪರೀಕ್ಷೆಯ ಭಾಷೆ ಯಾವುದು ಹಾಕಲಿ ಎಂದು ಮಾತ್ರ ಕೇಳಲಿಲ್ಲ.